ಒಂಬತ್ತನೆಯ ಕಲ್ಲು

ಬೆಳಕವಾಡಿ
೧೦ ಮಾರ್ಚ್ ೨೦೨೫, ಸೋಮವಾರ

ಪ್ರೀತಿಯ ತಂಗಿ ರೆಜಿನಮ್ಮನಿಗೆ,

ನಿನ್ನ ಅಣ್ಣ ಇನ್ನಾಸಪ್ಪನ ಆಶೀರ್ವಾದಗಳು. ಸರ್ವೇಶ್ವರನ ದಯೆಯಿಂದ ನಾನೂ ನಿನ್ನ ಅತ್ತಿಗೆ ಆರೋಗ್ಯಮ್ಮನೂ ಇಲ್ಲಿ ಚೆನ್ನಾಗಿದ್ದೇವೆ. ಅವಳ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಕ್ರಿಸ್‌ಮಸ್ಸಿಗೆ ನೀನು ಬರೆದ ಕಾಗದಕ್ಕೆ ಬೂದಿ ಬುಧವಾರ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡಿರುತ್ತೀಯ, ಬೈದುಕೋ. ಫೋನು ಮಾಡೋಣವೆಂದರೆ ನಿನಗೆ ಕಿವಿ ಕೇಳಿಸುವುದಿಲ್ಲ. ಹೋದ ಸಲ ನಾನು ಕಿರುಚಿದ್ದು ನಿನಗೊಬ್ಬಳಿಗೆ ಬಿಟ್ಟು ಹರಿಹರದ ನಿಮ್ಮ ಬೀದಿಗೆಲ್ಲ ಕೇಳಿಸಿತು ಅಂತ ನಿನ್ನ ಮಗಳು ದೀಪಿಕ ನಕ್ಕಳು. ಅದಕ್ಕೇ ಕಾಗದವೇ ನಮಗೆ ವಾಸಿ.

ತಡವಾಗಿದ್ದಕ್ಕೆ ಕಾರಣ ಹೇಳಿದರೆ ನೀನು ನಂಬುವುದಿಲ್ಲ. ಮೂರು ತಿಂಗಳಿಂದ ನನ್ನ ಎರಡು ಕೈಯೂ ಬಣ್ಣದಲ್ಲಿವೆ.

ಮಳವಳ್ಳಿಯಿಂದ ನಮ್ಮೂರಿಗೆ ಬರುವ ರಸ್ತೆಯನ್ನು ಅಗಲ ಮಾಡಿದರು. ಹಳೆಯ ಕಿಲೋಮೀಟರ್ ಕಲ್ಲುಗಳನ್ನೆಲ್ಲ ಕಿತ್ತು ಮೋರಿ ಪಕ್ಕ ರಾಶಿ ಹಾಕಿದ್ದರು. ಪಿಡಬ್ಲ್ಯುಡಿ ಗ್ಯಾಂಗಿನಲ್ಲಿ ದುಡಿದ ಮೂವತ್ತೊಂದು ವರ್ಷ ಆ ಕಲ್ಲುಗಳ ಮೈಗೆ ಬಿಳಿ ಹೊಡೆದು, ಮೇಲೆ ಕಪ್ಪಿನಲ್ಲಿ ಊರಿನ ಹೆಸರೂ ಅಂಕಿಯೂ ಬರೆದವನು ನಾನು. ಬಸ್ಸಿನಲ್ಲಿ ಹೋಗುವಾಗ ಅವು ಮಕಾಡೆ ಬಿದ್ದಿರುವುದನ್ನು ಕಂಡೆ. ಅದೇ ಭಾನುವಾರ ನಮ್ಮ ದಿಬ್ಬದ ಚರ್ಚಿನಲ್ಲಿ ನೋಡಿದರೆ, ಗೋಡೆಗೆ ತೂಗುಹಾಕಿದ್ದ ಶಿಲುಬೆಯ ಹಾದಿಯ ಕಾಗದದ ಚಿತ್ರಗಳಿಗೆ ಗೆದ್ದಲು ಹಿಡಿದಿತ್ತು. ಯೇಸುಸ್ವಾಮಿಗೆ ಮರಣದಂಡನೆ ಕೊಟ್ಟ ಪಿಲಾತನಿಗೆ ತಲೆಯೇ ಇಲ್ಲ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ಹದಿನಾಲ್ಕು ಸ್ಥಳ ನಿನಗೆ ನೆನಪಿದೆಯಲ್ಲ? ಚಿಕ್ಕವಳಿದ್ದಾಗ ಹದಿನಾಲ್ಕು ಕಡೆಯೂ ಮೊಣಕಾಲೂರಲು ಆಗದೆ ಏಳನೆಯದಕ್ಕೇ ನೀನು ಕೂತುಬಿಡುತ್ತಿದ್ದೆ, ಅವ್ವ ಜಡೆ ಹಿಡಿದು ಎಬ್ಬಿಸುತ್ತಿದ್ದಳು.

ರಸ್ತೆಯಿಂದ ಚರ್ಚಿಗೆ ಹತ್ತುವ ಕಾಲುದಾರಿಯಲ್ಲಿ ಹದಿನಾಲ್ಕು ಕಲ್ಲು ನೆಟ್ಟು, ಅವುಗಳ ಮೇಲೆ ಹದಿನಾಲ್ಕು ಸ್ಥಳವನ್ನೂ ನಾನೇ ಬರೆಯುತ್ತೇನೆ ಅಂದೆ. ಚರ್ಚಿಗೆ ಹೊಸದಾಗಿ ಬಂದಿರುವ ಪಾದ್ರಿ, ನಮ್ಮ ಸ್ವಾಮಿಗಳು, ಮದ್ದೂರು ಕಡೆಯ ಹುಡುಗ. "ಅಣ್ಣ, ನೀವು ಚಿತ್ರ ಬರೆದಿದ್ದೀರಾ?" ಅಂತ ಕೇಳಿದರು. "ಇಲ್ಲ ಸ್ವಾಮಿ, ಅಂಕಿ ಬರ್ದಿದ್ದೀನಿ" ಅಂದೆ. ನಕ್ಕು ಒಪ್ಪಿದರು.

ಕಲ್ಲು ಸಾಗಿಸಿದ್ದು ಮಳವಳ್ಳಿಯ ವಹಾಬು, ಟ್ರ್ಯಾಕ್ಟರ್ ಮೆಕ್ಯಾನಿಕ್, ನಮ್ಮ ಗ್ಯಾಂಗಿನ ಟಾರು ಬಂಡಿಯನ್ನು ರಿಪೇರಿ ಮಾಡುತ್ತಿದ್ದವನು. ಹದಿಮೂರು ಕಲ್ಲು ಟ್ರೇಲರಿಗೆ ಏರಿದ ಮೇಲೆ ನಾನು ಜಾಲಿಮುಳ್ಳಿನ ಕೆಳಗೆ ಬಿದ್ದಿದ್ದ ಇನ್ನೊಂದನ್ನು ತೋರಿಸಿದೆ. 'ಮಳವಳ್ಳಿ ೯' ಅಂತ ಇದ್ದ ಕಲ್ಲು. ಒಂದು ಮೂಲೆ ಒಡೆದಿತ್ತು.

"ಸುದ್ದವಾಗಿರೋ ಕಲ್ಲು ರಾಸಿ ಬಿದ್ದವೆ. ಅದೆಲ್ಲಾ ಬುಟ್ಟು ಈ ಮುರುಕ್ಲೇ ಬೇಕಾ ಇನ್ನಾಸಣ್ಣ?"

"ಅದೇ ಬೇಕು."

"ನಿಂಗೆ ದೇವ್ರು ಬುದ್ಧಿ ಕೊಡ್ಲಿ, ನಂಗೆ ಡೀಸೆಲ್ ಕೊಡ್ಲಿ" ಅಂತ ಮುಳ್ಳಿನೊಳಗೆ ನುಗ್ಗಿದ. ಅದನ್ನೇ ಒಂಬತ್ತನೆಯ ಸ್ಥಳಕ್ಕೆ ನೆಟ್ಟೆ.

ಇನ್ನು ನನ್ನ ಚಿತ್ರದ ವಿಷಯ. ಮೊದಲನೆಯ ಕಲ್ಲಿಗೇ ಎಡವಿದೆ. ಪಿಲಾತನನ್ನು ಬರೆದು ಮೇಲೆ ೧೪ ಅಂತ ಹಾಕಿದ್ದೆ. ಸ್ವಾಮಿಗಳು "ಇದು ಒಂದನೆಯದಲ್ವಾ ಅಣ್ಣ?" ಅಂದರು. ರಸ್ತೆ ಕಲ್ಲು ಹೇಳುವುದು ಇನ್ನು ಎಷ್ಟು ಉಳಿದಿದೆ ಅಂತ ತಾನೆ, ನಡೆದದ್ದು ಎಷ್ಟು ಅಂತ ಅಲ್ಲವಲ್ಲ. ಕೈ ತನ್ನ ಅಭ್ಯಾಸದ ಮೇಲೆ ಹೋಗಿಬಿಟ್ಟಿತ್ತು. ಅಳಿಸಿ ೧ ಮಾಡಿದೆ. ಕೈಬೆರಳು ಬರೆಯಲು ನನಗೆ ಬರುವುದಿಲ್ಲ; ಅರ್ಧ ಜನರ ಕೈಯನ್ನು ಬಟ್ಟೆಯೊಳಗೆ ಮುಚ್ಚಿದ್ದೇನೆ. ರೋಮಿನ ಸಿಪಾಯಿಗಳು ನಮ್ಮ ಹೋಮ್‌ಗಾರ್ಡುಗಳ ಹಾಗೆ ಕಾಣುತ್ತಾರೆ. ಶಿಲುಬೆ ಹೊರಲು ಕೈ ಕೊಟ್ಟ ಸಿಮೋನನಿಗೆ ವಹಾಬನ ಮುಖ ಇಡೋಣವೆಂದು ಕೇಳಿದರೆ, "ನಮ್ಮಲ್ಲಿ ಮೊಕ ಗಿಕ ಬರುಸ್ಕೊಳಾಕಿಲ್ಲ ಕಣಣ್ಣ. ಕಲ್ಲು ಹೊತ್ತಿದ್ದು ಬೆನ್ನು ತಾನೆ? ಬೆನ್ ಬರ್ಕೊ" ಅಂದ. ಹಾಗೇ ಬರೆದೆ. ಅವನ ಹೆಂಡತಿ ಬಿಬಿ ಜಾನ್ ಬಂದು ನೋಡಿ, "ಇದು ನಮ್ಮೋರ ಬೆನ್ನೇ. ಕೆಲ್ಸ ಹೇಳುದ್ರೆ ಇಂಗೇ ತಿರುಗ್ತಾರೆ" ಅಂದಳು.

ಆದರೆ ರೆಜಿನ, ಒಂದು ಮಾತು ಹೇಳುತ್ತೇನೆ. ಜಪದ ಪುಸ್ತಕ ಹಿಡಿದರೆ ನನಗೆ ಎರಡನೆಯ ಸಾಲಿಗೆ ಆಕಳಿಕೆ. ಪ್ರಸಂಗ ಕೇಳುವಾಗ ಮನಸ್ಸು ಮನೆಯ ನಲ್ಲಿಯ ಹತ್ತಿರ ಇರುತ್ತದೆ. ಈ ಕಲ್ಲಿನ ಮುಂದೆ ಗೋಣಿ ಹಾಸಿ ಕೂತು, ಒಂದು ಪರಲೋಕ ಜಪ ಹೇಳಿ ಕುಂಚ ಅದ್ದಿದರೆ ಮಾತ್ರ ಯಾರೋ ಪಕ್ಕದಲ್ಲಿ ಕೂತಿದ್ದಾರೆ ಅನಿಸುತ್ತದೆ. ಮುಳ್ಳಿನ ಕಿರೀಟ ಬರೆದ ದಿನ ನನ್ನ ತಲೆ ನಿಜವಾಗಿ ನೋಯುತ್ತಿತ್ತು. ಎಪ್ಪತ್ತೆರಡು ವರ್ಷಕ್ಕೆ ನನಗೆ ಜಪ ಮಾಡುವುದು ಬಂತು. ಜಂಬ ಅಂದುಕೊಂಡರೆ ಅಂದುಕೋ.

ತೊಂದರೆ ಬಂದಿರುವುದು ಒಂಬತ್ತನೆಯದರಲ್ಲಿ. ಯೇಸು ಮೂರನೆಯ ಸಲ ಬೀಳುವ ಸ್ಥಳ. ಸ್ವಾಮಿ ಮುಖ ನೆಲಕ್ಕೆ ಕೊಟ್ಟು ಬಿದ್ದಿದ್ದಾರೆ, ಕಾಣುವುದು ಬಿಳಿ ನಿಲುವಂಗಿಯ ಬೆನ್ನು. ಆ ಬೆನ್ನಿನ ಮೇಲೆ ಒಂದು ಕಪ್ಪು ಗುರುತು ಇಟ್ಟಿದ್ದೇನೆ. ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆ ದೇವಿರಮ್ಮ ನೋಡಿ, "ಅದ್ಯಾಕಣ್ಣ ದೇವ್ರ ಬೆನ್ ಮ್ಯಾಲೆ ಚೇಳು ಬುಟ್ಟಿದ್ದೀಯಾ?" ಅಂದಳು. ಅವಳದು ತಮಾಷೆ. ಚರ್ಚಿನ ಸಮಿತಿಯ ಮರಿಜೋಸೆಫ್ ಮೇಷ್ಟ್ರದು ತಮಾಷೆಯಲ್ಲ. "ಇನ್ನಾಸಿ, ಕೈ ಜಾರಿ ಮಸಿ ಬಿದ್ರೆ ಒರೆಸ್ಬೇಕು ಕಣಯ್ಯ. ದೇವ್ರ ಬಟ್ಟೆ ಮೇಲೆ ಕೊಳೆ ಇಟ್ಟು ಅದ್ರ ಮುಂದೆ ಮೊಣಕಾಲೂರು ಅಂದ್ರೆ ಯಾರು ಊರ್ತಾರೆ?" ಅಂದರು. ಕೈ ಜಾರಿದ್ದಲ್ಲ ಮೇಷ್ಟ್ರೇ ಅಂದೆ. "ಹಾಗಾದ್ರೆ ಏನು ಅದು?" ಅಂದರು. ನಾನು ಕುಂಚ ತೊಳೆಯಲು ಎದ್ದು ಹೋದೆ.

ಏಪ್ರಿಲ್ ಹನ್ನೊಂದನೆಯ ಶುಕ್ರವಾರ ಮೈಸೂರಿನಿಂದ ಹಿರಿಯ ಸ್ವಾಮಿಗಳೊಬ್ಬರು ಬಂದು ಕಲ್ಲುಗಳನ್ನು ಆಶೀರ್ವದಿಸಬೇಕು. ಅಷ್ಟರೊಳಗೆ ಆ ಮಸಿ ಹೋಗದಿದ್ದರೆ ಹದಿನಾಲ್ಕು ಕಲ್ಲನ್ನೂ ಕೀಳಿಸಿ, ಟೈಲ್ಸಿನ ಮೇಲೆ ಅಚ್ಚು ಹಾಕಿದ ಚಿತ್ರ ತರಿಸುತ್ತೇವೆ ಅಂತ ಸಮಿತಿಯವರು ತೀರ್ಮಾನಿಸಿದ್ದಾರೆ. ಅಚ್ಚಿನ ಚಿತ್ರದಲ್ಲಿ ಎಲ್ಲರಿಗೂ ಐದೈದು ಬೆರಳು ಸರಿಯಾಗಿರುತ್ತವೆ, ಅದು ನಿಜ. ಆದರೂ ನಾನು ಒರೆಸುವುದಿಲ್ಲ.

ದೇವರು ನಿನ್ನನ್ನೂ ಮಕ್ಕಳನ್ನೂ ಕಾಪಾಡಲಿ. ಬೆಳಗ್ಗೆ ರಾಗಿ ಗಂಜಿ ಬಿಡಬೇಡ.

ನಿನ್ನ ಅಣ್ಣ,
ಇನ್ನಾಸಪ್ಪ

ತಾ.ಕ.: ಅಪ್ಪನ ಒಂದು ಬಿಳಿ ಅಂಗಿಯ ಬೆನ್ನಿಗೆ ಒಂದು ಸಲ ಕಪ್ಪು ಬಣ್ಣ ಹತ್ತಿತ್ತಲ್ಲ, ನೀನೇ ಒಗೆದಿದ್ದು. ನಾನು ಆಗ ಗ್ಯಾಂಗಿನ ಶೆಡ್ಡಿನಲ್ಲಿದ್ದೆ, ಎಷ್ಟೋ ತಿಂಗಳು ಮನೆಗೆ ಬರಲಿಲ್ಲ. ಆ ಬಣ್ಣ ಹೋಯಿತಾ? ಅಪ್ಪ ಅದರ ಬಗ್ಗೆ ಏನಾದರೂ ಹೇಳಿದರಾ? ನೆನಪಿದ್ದರೆ ಬರೆ.

 

ಬೆಳಕವಾಡಿ
೨೨ ಏಪ್ರಿಲ್ ೨೦೨೫, ಮಂಗಳವಾರ

ನನ್ನ ರೆಜಿನಮ್ಮನಿಗೆ,

ಯೇಸುಸ್ವಾಮಿ ಎದ್ದು ಬಂದ ಪಾಸ್ಖ ಹಬ್ಬದ ಆಶೀರ್ವಾದಗಳು. ನಿನ್ನ ಕಾಗದ ಮಾರ್ಚ್ ಕೊನೆಗೇ ಬಂತು. ಹಬ್ಬದೊಳಗೆ ನಿನಗೆ ಉತ್ತರ ಬರೆಯಬೇಕು ಅಂತ ಒಬ್ಬರಿಗೆ ಮಾತು ಕೊಟ್ಟಿದ್ದೆ. ಎರಡು ದಿನ ತಡವಾಯಿತು. ಮೂರು ಸಲ ಕೂತೆ, ಮೂರು ಸಲ ಎದ್ದು ಹೋಗಿ ದನಕ್ಕೆ ನೀರು ತೋರಿಸಿ ಬಂದೆ. ದನಕ್ಕೂ ಬೇಜಾರಾಗಿದೆ. ಕ್ಷಮಿಸು.

ಮೊದಲು ಸಂತೋಷದ ಸುದ್ದಿ ಹೇಳುತ್ತೇನೆ. ಕಲ್ಲುಗಳು ನಿಂತವು. ಹದಿನಾಲ್ಕೂ.

ನಡೆದದ್ದು ಹೀಗೆ. ನಿನ್ನ ಕಾಗದ ಓದಿದ ಮೇಲೆ ನಾನು ಆ ಗುರುತನ್ನು ಒರೆಸುವುದಿರಲಿ, ಇನ್ನೂ ಕಪ್ಪಗೆ ತಿದ್ದಿದೆ. ಆಶೀರ್ವಾದದ ಹಿಂದಿನ ದಿನ, ಗುರುವಾರ ಸಾಯಂಕಾಲ, ಕೊನೆಯ ಸಲ ಕುಂಚ ಎಳೆದು ಏಳಬೇಕು, ಮರಿಜೋಸೆಫ್ ಮೇಷ್ಟ್ರು ಟರ್ಪೆಂಟೈನ್ ಬಾಟಲಿ, ಹಳೆಯ ಬನಿಯನ್ ಚೂರು ಹಿಡಿದು ಬಂದರು.

"ನೀನು ಒರೆಸ್ತೀಯೋ, ನಾನು ಒರೆಸ್ಲೋ?"

"ಮುಟ್ಬೇಡಿ ಮೇಷ್ಟ್ರೇ, ಹಸಿ ಅದೆ."

"ಹಸಿ ಇದ್ರೆ ಇನ್ನೂ ಸಲೀಸು."

ಬಾಟಲಿಯ ಮುಚ್ಚಳ ತಿರುಗಿಸಿದರು. ನಾನು ತಿರುಗಿ, ಕಲ್ಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. ಹಬ್ಬಕ್ಕೆಂದು ನಿನ್ನ ಅತ್ತಿಗೆ ತೆಗೆದಿಟ್ಟಿದ್ದ ಬಿಳಿ ಅಂಗಿಯನ್ನು ಅವಳಿಗೆ ಹೇಳದೆ ಅವತ್ತೇ ಹಾಕಿಕೊಂಡಿದ್ದೆ. ಬಣ್ಣ ತಣ್ಣಗೆ ಬೆನ್ನಿಗೆ ತಾಗಿತು.

"ಏಳಯ್ಯ ಮೇಲೆ. ಮಗು ಥರ ಆಡ್ತೀಯಲ್ಲ."

"ಏಳಾಕಿಲ್ಲ."

ಅಷ್ಟರಲ್ಲಿ ನಮ್ಮ ಸ್ವಾಮಿಗಳು ಸ್ಕೂಟರಿನಲ್ಲಿ ಬಂದರು. "ಏನಣ್ಣ, ಸತ್ಯಾಗ್ರಹನಾ?" ಅಂದರು. ಮೇಷ್ಟ್ರು ಎಲ್ಲ ಹೇಳಿದರು. ಅವರ ಮಾತಿನಲ್ಲೂ ತಪ್ಪಿಲ್ಲ, ರೆಜಿನ. ಅವರಿಗೆ ದೇವರ ಬಟ್ಟೆ ಶುಭ್ರವಾಗಿರಬೇಕು. ಸ್ವಾಮಿಗಳು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು.

"ಒರೆಸಬಾರದು ಅನ್ನೋಕೆ ಕಾರಣ ಇದೆಯಾ ಅಣ್ಣ?"

"ಇದೆ ಸ್ವಾಮಿ. ಆದ್ರೆ ಅದನ್ನ ನಾನು ಮೊದಲು ಹೇಳಬೇಕಾಗಿರೋದು ಬೇರೆ ಒಬ್ಬರಿಗೆ."

ಅವರು ನನ್ನನ್ನೇ ನೋಡಿದರು. ನನ್ನ ಮೊಮ್ಮಗನ ವಯಸ್ಸು. ಆದರೆ ಆ ನೋಟಕ್ಕೆ ವಯಸ್ಸಿರಲಿಲ್ಲ. "ಸರಿ. ಕಲ್ಲು ಇರುತ್ತೆ. ಪಾಸ್ಖ ಹಬ್ಬದೊಳಗೆ ಅವರಿಗೆ ಹೇಳಿಬಿಡಿ. ಹೇಳಿದ್ರೋ ಇಲ್ವೋ ಅಂತ ನಾನು ಕೇಳೋದಿಲ್ಲ" ಅಂದರು.

"ಸಮಿತಿ ಮಾತಿಗೆ ಏನು ಬೆಲೆ ಹಾಗಾದ್ರೆ?" ಅಂದರು ಮೇಷ್ಟ್ರು.

"ಮೊದಲು ಅಣ್ಣನ ಬೆನ್ನು ನೋಡಿ ಮೇಷ್ಟ್ರೇ."

ನಾನು ಎದ್ದು ನಿಂತಿದ್ದೆ. ಚಿತ್ರದಲ್ಲಿ ಆ ಗುರುತನ್ನು ಉಲ್ಟಾ ಬರೆದಿದ್ದೆ. ಕಲ್ಲಿನಿಂದ ನನ್ನ ಅಂಗಿಗೆ ಅಂಟುವಾಗ ಅದು ನೆಟ್ಟಗೆ ತಿರುಗಿ ಮೂಡಿತ್ತು. ದೊಡ್ಡದಾಗಿ, ಕಪ್ಪಗೆ, ೯ ಅಂತ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. ನಗು ತಡೆಯಲು ನೋಡಿದರು, ಆಗಲಿಲ್ಲ. "ತಗೋ, ಅಂಗಿಗಾದ್ರೂ ಆಗುತ್ತೆ" ಅಂತ ಟರ್ಪೆಂಟೈನನ್ನು ನನ್ನ ಕೈಗೇ ಕೊಟ್ಟು ಹೋದರು.

ಮನೆಯಲ್ಲಿ ಆದದ್ದನ್ನು ಪೂರ್ತಿ ಬರೆಯುವುದಿಲ್ಲ. "ಮೂವತ್ತೊಂದು ವರ್ಸ ಬಣ್ಣ ಬಳ್ದೋರು ಹಸಿ ಕಲ್ಲಿಗೆ ಒರಗ್ತಾರಾ? ಕತ್ತೆಗೂ ಗೊತ್ತಾಯ್ತದೆ" ಅಂತ ಆರೋಗ್ಯಮ್ಮ ಶುರು ಮಾಡಿದಳು. ಟರ್ಪೆಂಟೈನ್ ಹಾಕಿ ಉಜ್ಜಲು ಹೋದಳು. "ಇರ್ಲಿ ಬುಡು" ಅಂದೆ. ಶುಕ್ರವಾರ ಅದೇ ಅಂಗಿ ಹಾಕಿಕೊಂಡು ಹೊರಟೆ. ಅವಳು ಹತ್ತು ಹೆಜ್ಜೆ ಹಿಂದೆ, ನನಗೂ ಅವಳಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ ಬಂದಳು.

ಆ ಸಾಯಂಕಾಲ ನೀನು ಇರಬೇಕಿತ್ತು. ಕೆಳಗಿನ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಹೋಗುತ್ತಿದ್ದವು, ದಿಬ್ಬದ ಮೇಲೆ ಇನ್ನೂರು ಜನ. ಮೊದಲನೆಯ ಕಲ್ಲಿಗೆ ಹಿರಿಯ ಸ್ವಾಮಿಗಳು ಪವಿತ್ರ ಜಲ ಚಿಮುಕಿಸಿದಾಗ ನಾನು ಶಿಲುಬೆ ಗುರುತು ಹಾಕಿಕೊಂಡೆ. ಸರ್ಕಾರದ ಕಲ್ಲಿಗೆ ನೂರು ಸಲ ನೀರು ಹಾಕಿ ತೊಳೆದಿದ್ದೇನೆ, ಶಿಲುಬೆ ಗುರುತು ಹಾಕಿಕೊಂಡದ್ದು ಅವತ್ತೇ ಮೊದಲು. ಐದನೆಯದರ ಹತ್ತಿರ ಜನ ಸಿಮೋನನ ಬೆನ್ನು ನೋಡಿ, ದೂರದಲ್ಲಿ ಟ್ರ್ಯಾಕ್ಟರ್ ಪಕ್ಕ ನಿಂತಿದ್ದ ವಹಾಬನನ್ನು ನೋಡಿ, ಮತ್ತೆ ಕಲ್ಲನ್ನು ನೋಡಿದರು. ಅವನು ನಾಚಿಕೊಂಡು ತಿರುಗಿ ನಿಂತ. ತಿರುಗಿದ್ದರಿಂದ ಇನ್ನೂ ಗುರುತು ಸಿಕ್ಕಿತು.

ಒಂಬತ್ತನೆಯದರ ಮುಂದೆ ಹಿರಿಯ ಸ್ವಾಮಿಗಳು ನಿಂತರು. ನಾನು ಒರಗಿದ್ದಕ್ಕೆ ಗುರುತು ಕದಡಿತ್ತು, ಹಾಗೇ ಬಿಟ್ಟಿದ್ದೆ. "ಬೆನ್ನ ಮೇಲೆ ಇದೇನಪ್ಪ?" ಅಂತ ಕೇಳಿದರು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

"ದಾರೀಲಿ ಬಿದ್ದೋನಿಗೆ ದಾರಿ ಬಣ್ಣ ಅಂಟಿದೆ ಸ್ವಾಮಿ."

ಅವರು ಆ ವಯಸ್ಸಿನಲ್ಲಿ ಬರಿ ನೆಲಕ್ಕೆ ಮೊಣಕಾಲೂರಿದರು. ಅವರ ಹಿಂದೆ ಎಲ್ಲರೂ. ಮೇಷ್ಟ್ರೂ ಊರಿದರು, ನಾನು ಕಣ್ಣಾರೆ ನೋಡಿದೆ. ನನ್ನ ಹಿಂದಿದ್ದ ಯಾರೋ ಹೆಂಗಸು, "ಇನ್ನಾಸಣ್ಣನ ಬೆನ್ ಮ್ಯಾಲೂ ಒಂಬತ್ತು ಅಂತ ಅದೆ ಕಣಮ್ಮ" ಅಂದಳು. ಇನ್ನೊಬ್ಬಳು, "ಸುಮ್ಕಿರು, ಅದೂ ಚಿತ್ರವೇ ಇರ್ಬೇಕು" ಅಂದಳು.

ಜನ ಹತ್ತುವಾಗ ಕಾಣದೆ, ಇಳಿಯುವಾಗ ಕಂಡದ್ದು ಇನ್ನೊಂದಿದೆ. ರಸ್ತೆಯ ಕಲ್ಲಿಗೆ ಎರಡು ಮುಖ, ಹೋಗುವವರಿಗೊಂದು, ಬರುವವರಿಗೊಂದು. ಒಂದು ಮುಖ ಖಾಲಿ ಬಿಡುವುದು ನನ್ನ ಕೈಗೆ ಒಗ್ಗದು. ಅದಕ್ಕೆ ಹಿಂಬದಿಯಲ್ಲಿ ನಮ್ಮ ಜನ ಬರುವ ಊರುಗಳ ಹೆಸರೂ ದೂರವೂ ಬರೆದಿದ್ದೆ. ಮಳವಳ್ಳಿ, ಮದ್ದೂರು, ಎರಡೇ ಮನೆಯವರು ಬರುವ ಕೊಪ್ಪ, ಮಂಡ್ಯದ ಗುತ್ತಲು. ಗುತ್ತಲಿನಿಂದ ಬಂದಿದ್ದ ಮುದುಕಿಯೊಬ್ಬಳು ತನ್ನ ಊರಿನ ಹೆಸರನ್ನೇ ಮುಟ್ಟಿ ಮುಟ್ಟಿ ನೋಡಿದಳು. ಒಂಬತ್ತನೆಯ ಕಲ್ಲಿನ ಹಿಂದೆ ಏನಿದೆ ಗೊತ್ತಾ? 'ಹರಿಹರ ೩೪೦'. ದೂರ ಎಷ್ಟು ಅಂತ ದೀಪಿಕ ಫೋನಿನಲ್ಲಿ ನೋಡಿ ಹೇಳಿದಳು. ನಮ್ಮ ಚರ್ಚಿಗೆ ಹರಿಹರದಿಂದ ಯಾರು ಬರುತ್ತಾರೆ ಅಂತ ಜನ ಕೇಳುತ್ತಾರೆ. ಬರುತ್ತಾರೆ ಇರಿ ಅನ್ನುತ್ತೇನೆ.

ಈಗ ಬೇರೆ ಊರಿನವರೂ ಬಂದು ಫೋಟೋ ತೆಗೆಯುತ್ತಾರೆ. ಯಾರು ಬರೆದದ್ದು ಅಂದರೆ ಮೇಷ್ಟ್ರೇ ಮುಂದೆ ಬಿದ್ದು, "ನಮ್ಮ ಇನ್ನಾಸಪ್ಪ. ಪಿಡಬ್ಲ್ಯುಡಿ" ಅನ್ನುತ್ತಾರೆ, ಅದೇನೋ ಪದವಿ ಎನ್ನುವ ಹಾಗೆ. ಕೇಳಿ ಕೇಳಿ ನನ್ನ ಎದೆ ಎರಡು ಇಂಚು ಅಗಲವಾಗಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ತಂಗಿ.

ನಿನಗೂ ನಿನ್ನ ಮನೆಯ ಎಲ್ಲರಿಗೂ ಎದ್ದು ಬಂದ ಯೇಸುಸ್ವಾಮಿ ಆಯುಸ್ಸು, ಆರೋಗ್ಯ, ಕಿವಿ ಮೂರನ್ನೂ ಕೊಡಲಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಬಂದು ಹೋಗು. ಏಳನೆಯ ಕಲ್ಲಿನ ಹತ್ತಿರ ನಿನಗೋಸ್ಕರ ಒಂದು ಚಪ್ಪಡಿ ಹಾಕಿಸಿದ್ದೇನೆ, ಕೂತುಕೊಳ್ಳಬಹುದು.

ನಿನ್ನ ಅಣ್ಣ,
ಇನ್ನಾಸಪ್ಪ

ತಾ.ಕ.: ಇನ್ನು ಮುಂದಿನದನ್ನು ದೀಪಿಕಳಿಂದ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ನೀನು ಬರೆದಿದ್ದೆ: "ಬಣ್ಣ ಹೋಗಲಿಲ್ಲ ಅಣ್ಣ. ಮೂರು ಸಲ ಸೀಮೆಎಣ್ಣೆ ಹಾಕಿ ಉಜ್ಜಿದೆ. ನಾಲ್ಕನೇ ಸಲಕ್ಕೆ ಅಪ್ಪ ಕೈ ಹಿಡಿದು, ಬುಡವ್ವ, ನಮ್ಮ ಇನ್ನಾಸಿ ಬರ್ದ ಅಂಕಿ ಅದು, ಇರ್ಲಿ ಅಂದರು. ಅದನ್ನೇ ಹಾಕಿಕೊಂಡು ಚರ್ಚಿಗೆ ಹೋಗುತ್ತಿದ್ದರು." ಅದು ಬೆನ್ನಿಗೆ ಹೇಗೆ ಬಂತು ಅಂತ ಅಪ್ಪ ನಿನಗೆ ಹೇಳಲಿಲ್ಲ. ನಾನು ಹೇಳಬೇಕು.

೧೯೭೬. ನನಗೆ ಕೆಲಸ ಖಾಯಂ ಆಗಿ ಹದಿನೈದು ದಿನ. ಗ್ಯಾಂಗಿನಲ್ಲಿ ನಾನು ಜಂಬ ಕೊಚ್ಚಿದ್ದೆ, ನಮ್ಮಪ್ಪ ಚರ್ಚಿನ ಉಪದೇಶಿ, ಜನಕ್ಕೆ ಜಪ ಹೇಳಿಕೊಡೋರು ಅಂತ. ಅಪ್ಪ ಅಲ್ಲಿ ಗಂಟೆ ಹೊಡೆದು ಕಸ ಗುಡಿಸುತ್ತಿದ್ದದ್ದು ನಿನಗೆ ಗೊತ್ತು. ಅವತ್ತು ಒಂಬತ್ತನೆಯ ಕಿಲೋಮೀಟರಿನ ಕಲ್ಲಿಗೆ ಅಂಕಿ ಬರೆದು, ನಾವು ಮರದ ಕೆಳಗೆ ಕೂತಿದ್ದೆವು. ಅಪ್ಪ ಬಿಸಿಲಲ್ಲಿ ಬರಿಗಾಲಲ್ಲಿ ನನಗೆ ಬುತ್ತಿ ತಂದರು. ತಲೆ ಸುತ್ತಿತೋ ಏನೋ, ಕಲ್ಲಿಗೆ ಒರಗಿ ಕುಸಿದರು.

"ಯಾವನ್ಲಾ ಅವ್ನು ಮುದ್ಕ, ಹಸಿ ಬಣ್ಣಕ್ಕೆ ಒರಗವ್ನೆ? ನಿಂಗೆ ಗೊತ್ತೇನ್ಲಾ ಇನ್ನಾಸಿ?" ಅಂದ ಮೇಸ್ತ್ರಿ ದೊಡ್ಡಸಿದ್ದಯ್ಯ.

"ಯಾರೋ ಏನೋ, ಗೊತ್ತಿಲ್ಲ" ಅಂದೆ.

ಅಪ್ಪನಿಗೆ ಕೇಳಿಸಿತು. ಕಲ್ಲು ಹಿಡಿದುಕೊಂಡು ಎದ್ದರು. ಮೇಸ್ತ್ರಿಯ ಕಡೆ ಅಲ್ಲ, ನನ್ನ ಕಡೆ ತಿರುಗಿ ಕೈ ಮುಗಿದು, "ತಪ್ಪಾಯ್ತು ಸ್ವಾಮಿ, ಹಸಿ ಅಂತ ಕಾಣ್ನಿಲ್ಲ" ಅಂದರು. ಬುತ್ತಿಯನ್ನು ಕಲ್ಲಿನ ಬುಡದಲ್ಲಿ ಬಿಟ್ಟು ಬಂದ ದಾರಿಯಲ್ಲೇ ಹೋದರು. ಯೇಸುವನ್ನು ಗೊತ್ತೇ ಇಲ್ಲ ಅಂದ ಪೇತ್ರನಿಗಾದರೂ ಕೋಳಿ ಕೂಗಿತು. ನನಗೆ ಏನೂ ಕೂಗಲಿಲ್ಲ.

ಎಲ್ಲರೂ ಮುಂದಿನ ಕಲ್ಲಿಗೆ ಹೋದ ಮೇಲೆ ಬುತ್ತಿ ಬಿಚ್ಚಿದೆ. ಮುದ್ದೆ, ಉಪ್ಪೆಸರು. ತಿಂದೆ, ರೆಜಿನ. ಹಸಿವಾಗಿತ್ತು, ಪೂರ್ತಿ ತಿಂದೆ. ಕಲ್ಲಿನ ಮೇಲೆ ಒಂಬತ್ತರ ಬಾಲದ ತುದಿ ಮಾತ್ರ ಉಳಿದಿತ್ತು, ಮಿಕ್ಕದ್ದನ್ನು ಅಪ್ಪ ಬೆನ್ನ ಮೇಲೆ ಹೊತ್ತುಕೊಂಡು ಮನೆಗೆ ಬಂದಿದ್ದರು. ಕೈ ತೊಳೆದುಕೊಂಡು ಕುಂಚ ಅದ್ದಿ, ಅಂಕಿಯನ್ನು ಹೊಸದಾಗಿ ಬರೆದೆ.